ಹನ್ನೊಂದನೇ ಬ್ಯಾಡ್ಜ್

ಅಡಿಲೇಡ್‌ನಲ್ಲಿ ವಾರಕ್ಕೊಂದು ದಿನ ನಾನು ರಿಸರ್ವ್ ಮಿಲಿಟರಿ ಪೊಲೀಸ್. ತುಕಡಿಯ ಚರಿತ್ರೆ ಬರೆಯೋ ಕೆಲಸ ನನ್ನ ತಲೆಗೆ ಕಟ್ಟಿದರು. ಹಳೇ ಫೋಟೋದಲ್ಲಿ ಹನ್ನೊಂದು ಜನ, ಗಾಜಿನ ಪೆಟ್ಟಿಗೆಯಲ್ಲಿ ಅವರ ಹನ್ನೊಂದು ಹಿತ್ತಾಳೆ ಬ್ಯಾಡ್ಜ್, ಪಟ್ಟಿಯಲ್ಲಿ ಮಾತ್ರ ಹತ್ತೇ ಹೆಸರು. ಹನ್ನೊಂದನೆಯದರ ಕೆಳಗೆ 'ಹೆಸರು ಗೊತ್ತಿಲ್ಲ' ಅಂತ ಚೀಟಿ ಇಟ್ಟೆ. ಪೆಟ್ಟಿಗೆಗೆ ಬೀಗ ಹಾಕೋ ಮೊದಲೇ ಸಾರ್ಜೆಂಟ್ ವಾರನ್ ಅದನ್ನ ಕಿತ್ತುಹಾಕಿದ.

"ಫೈಲ್ ಇಲ್ಲದೋನು ನಮ್ಮೋನಲ್ಲ, ಕೌಸ್ತುಭ್."

ಮೈಯೆಲ್ಲ ಉರಿದುಹೋಯ್ತು. ಡ್ಯೂಟಿ ಮಾಡಿದವನಿಗೆ ಒಂದು ಚೀಟಿಯಷ್ಟು ಜಾಗ ಇಲ್ವಾ?

ಅವತ್ತಿಂದ ಹತ್ತು ಬ್ಯಾಡ್ಜ್ ಮಂಕಾಗ್ತಿವೆ. ಹನ್ನೊಂದನೆಯದು ಮಾತ್ರ ಪ್ರತಿವಾರ ಪರೇಡಿನ ದಿನ ಆಗತಾನೇ ಉಜ್ಜಿಟ್ಟ ಹಾಗೆ ಹೊಳೀತಿರುತ್ತೆ. ಬೀಗ ತೆಗೆದರೆ ಪಾಲಿಶ್ ವಾಸನೆ. ಮುಟ್ಟಿದರೆ ಬೆಚ್ಚಗೆ. ಅದರ ಮೇಲಿನ ಉಬ್ಬು ಕಿರೀಟದ ಗುರುತು ವಾರವಾರಕ್ಕೂ ಸವೆದು ನುಣುಪಾಗ್ತಿದೆ. ಇರೋದೊಂದೇ ಕೀಲಿ, ಅದು ನನ್ನ ಜೇಬಲ್ಲಿ.

ಮೊನ್ನೆ ಮಧ್ಯಾಹ್ನ ವಾರನ್ ಕೈಯಲ್ಲೂ ಮುಟ್ಟಿಸಿದೆ. ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ, ಪ್ಯಾಂಟಿಗೆ ಒರೆಸಿಕೊಂಡ. ಚೀಟಿ ಇಡೋಕೆ ಆಗಲೂ ಬಿಡಲಿಲ್ಲ.