ಎರಡು ಬೆರಳಿನ ತಣುಪು

ನಿಜಲಿಂಗಪ್ಪನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಲಾರಿಯ ಫ್ಯಾನಿಗೆ ಸಿಕ್ಕಿ ಹೋಗಿದ್ದವು. ಆದರೂ ಪುಣೆಯ ಮಾರ್ಕೆಟ್ ಯಾರ್ಡ್ ಹಿಂದಿನ ನಮ್ಮ ಗ್ಯಾರೇಜಿಗೆ ಬರುವ ಡ್ರೈವರುಗಳೆಲ್ಲ ಅವನನ್ನೇ ಕೇಳುತ್ತಿದ್ದರು. ಓಡುವ ಇಂಜಿನ್ ಮೇಲೆ ಕೈ ಇಟ್ಟು, ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. "ಹ್ವಾದ ಬೆರಳು ಹೇಳ್ತಾವ" ಎಂದು ನಗುತ್ತಿದ್ದ. ಹತ್ತೂ ಬೆರಳಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

೧೯೯೮ರ ಮೇ ತಿಂಗಳಲ್ಲಿ ಅವನು ಊರಿಗೆ ಹೋದಾಗ ಈರುಳ್ಳಿ ಲಾರಿಯ ರಾಘಣ್ಣ ಬಂದ. "ನಿಜಲಿಂಗ ಇಲ್ಲೇನ? ಹಂಗಾರ ಆಮ್ಯಾಲೆ ಬರ್ತೀನಿ ಬಿಡು. ನೀ ಬರೇ ಗ್ರೀಸ್ ಹಚ್ಚಾಂವ."

"ನಿಲ್ರಿ, ನಾನೂ ನೋಡ್ತೀನಿ" ಎಂದೆ. ಇಂಜಿನ್ ಚಾಲೂ ಮಾಡಿಸಿ, ನಿಜಲಿಂಗಪ್ಪನ ಹಾಗೆ ಎರಡು ಬೆರಳು ಮಡಚಿ ಕೈ ಇಟ್ಟೆ. ಕಬ್ಬಿಣ ಸುಡುತ್ತಿತ್ತು. ಆಗ ಕೈಯ ಹಿಂಬದಿಯಲ್ಲಿ ತಣ್ಣಗೆ ಏನೋ ಒತ್ತಿತು. ಎರಡೇ ಕಡೆ, ಬೆರಳಿನ ಅಗಲದಷ್ಟು. ಅದು ನನ್ನ ಕೈಯನ್ನು ಮೆಲ್ಲಗೆ ವಾಟರ್ ಪಂಪಿನತ್ತ ಸರಿಸಿತು. ಬಿಚ್ಚಿ ನೋಡಿದರೆ ಪಂಪಿನ ಬೇರಿಂಗ್ ಹೋಗಿತ್ತು.

"ಭಾಳ ಶಾಣ್ಯಾ ಅದೀಯಲ್ಲೋ" ಎಂದ ರಾಘಣ್ಣ. ಯಾರ್ಡಿಗೆಲ್ಲ ಸುದ್ದಿ ಹಬ್ಬಿಸಿದ.

ಮೂರನೆಯ ದಿನ ಇನ್ನೊಂದು ಲಾರಿ ಬಂತು. ಆ ತಣುಪು ಈ ಸಲ ಫ್ಯಾನಿನ ಕಡೆಗೆ ಎಳೆಯಿತು. ಫ್ಯಾನ್ ತಿರುಗುವುದು ನನಗೆ ಕಾಣುತ್ತಿತ್ತು, ಕೈ ತೆಗೆಯಬಹುದಿತ್ತು. ಮರುದಿನ ನಿಜಲಿಂಗಪ್ಪ ಬರುವವನಿದ್ದ. ಅಷ್ಟರೊಳಗೆ ಇದೊಂದನ್ನೂ ಕಂಡುಹಿಡಿಯಬೇಕೆಂದು ತೆಗೆಯಲಿಲ್ಲ.

ಅವನು ಆಸ್ಪತ್ರೆಗೆ ಬಂದು, ನನ್ನ ಬ್ಯಾಂಡೇಜ್ ನೋಡಿ, "ತಣ್ಣಗ ಇದ್ವೇನ?" ಎಂದಷ್ಟೇ ಕೇಳಿದ. ನಾನು ಯಾರಿಗೂ ಹೇಳಿರಲಿಲ್ಲ.

ಡ್ರೈವರುಗಳು ಈಗಲೂ ಅವನನ್ನೇ ಕೇಳುತ್ತಾರೆ. ಇಂಜಿನ್ ಮೇಲೆ ಕೈ ಇಟ್ಟರೆ ನನಗೆ ಬಿಸಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ನನ್ನ ಕೈಯಿಂದ ಹೋದದ್ದು ಮೂರು ಬೆರಳು.