ಡೋರೊ ನದಿಯಲ್ಲಿ ಮುಖಾಮುಖಿ

ಟಪ್!

ನೆತ್ತಿಯ ಮೇಲೆ ಪೆಟ್ಟು ಬಿದ್ದಾಗ ಫೆನ್ನಾಳ ಕಣ್ಣು ಇನ್ನೂ ಕ್ಯಾಮೆರಾಕ್ಕೆ ಅಂಟಿಕೊಂಡಿತ್ತು. ನೋವಾಗಲಿಲ್ಲ. ಪ್ಲಾಸ್ಟಿಕ್ ಸುತ್ತಿಗೆ ಪೀಂ ಎಂದು ಕೂಗಿತು, ಅಷ್ಟೆ.

"ಹಿಂದಿನಿಂದ ಫೋಟೋ ಹೊಡೆಯೋ ಕಳ್ಳಿ ಯಾರಪ್ಪಾ ಅಂತ ನೋಡಿದೆ," ಎಂದ ಸುತ್ತಿಗೆಯ ಒಡೆಯ. ಗುಂಗುರು ಕೂದಲು, ಆಗಷ್ಟೇ ಬೋಳಿಸಿದ ಗಲ್ಲ, ಗಲ್ಲದ ಮೇಲೊಂದು ಸಣ್ಣ ಗಾಯ.

"ನಾನು ನಿಮ್ಮ ಫೋಟೋ ತೆಗೀಲಿಲ್ಲ. ಕಾಮಕಸ್ತೂರಿ ಗಿಡದ್ದು ತೆಗೆದೆ."

"ಗಿಡದ್ದಾ?" ಅವನ ಮುಖ ಇಳಿದುಹೋಯಿತು. "ಗ್ರಾಸಾ ಅತ್ತೆ, ಕೇಳಿದ್ಯಾ? ಗಾಯ ಮಾಡ್ಕೊಂಡು ಶೇವ್ ಮಾಡಿದ್ದು ದಂಡ ಆಯ್ತು."

ಗಿಡದ ಕುಂಡಗಳನ್ನು ಮಾರುತ್ತ ಕುಳಿತಿದ್ದ ಗ್ರಾಸಾ ಅತ್ತೆ ಹೊಟ್ಟೆ ಕುಲುಕಿಸಿ ನಕ್ಕಳು. ಸಾಂ ಜುವಾಂವ್ ಹಬ್ಬಕ್ಕೆಂದು ರಾತ್ರಿಯಿಡೀ ಕುಣಿದು, ಎದುರಾದವರ ತಲೆಗೆಲ್ಲ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದ ಪೋರ್ಟೊ ನಗರ ಇನ್ನೂ ಸುತ್ತಿಗೆ ಕೆಳಗಿಟ್ಟಿರಲಿಲ್ಲ. ಓಣಿಯ ತುಂಬ ಸುಟ್ಟ ಮೀನಿನ ವಾಸನೆ, ಮನೆಯಿಂದ ಮನೆಗೆ ಎಳೆದ ಬಣ್ಣದ ಕಾಗದದ ಮಾಲೆಗಳು.

ಫೆನ್ನಾ ಗಿಡದ ಮೇಲೆ ಬಾಗಿ ಮೂಸಲು ಹೋದಳು. ಅವನು ಥಟ್ಟನೆ ಅಂಗೈ ಅಡ್ಡ ಹಿಡಿದ. ಅವಳ ಮೂಗು ನೇರವಾಗಿ ಆ ಅಂಗೈಗೆ ತಾಗಿತು.

"ಮೂಗು ಹಾಕಬಾರದು. ಗಿಡ ಸಾಯುತ್ತೆ. ಹೀಗೆ ಸವರಿ, ಕೈ ಮೂಸಬೇಕು." ಗಿಡ ಸವರಿದ ಕೈಯನ್ನು ಅವಳತ್ತ ಚಾಚಿದ. ಅವಳು ಕೆಂಪಾದಳು. ಆದರೂ ಮೂಸಿದಳು.

ಅವನ ಹೆಸರು ದುವಾರ್ತೆ.

ಫೆನ್ನಾ ನೆದರ್‌ಲೆಂಡ್ಸಿನ ಗ್ರೋನಿಂಗೆನ್‌ನವಳು, ಫೋಟೋಗ್ರಫಿ ಓದುತ್ತಿದ್ದಳು; ತರಗತಿಯವರ ಜೊತೆ ಚಿತ್ರ ತೆಗೆಯಲು ಇಲ್ಲಿಗೆ ಬಂದಿದ್ದಳು. ಸಹಪಾಠಿಗಳೆಲ್ಲ ಕೆಲಸ ಮುಗಿಸಿ ಸಮುದ್ರ ಸ್ನಾನಕ್ಕೆ ಹೋಗಿದ್ದರು. ಅವಳಿಗೆ ಉಳಿದಿದ್ದು ಇದೊಂದೇ ಹಗಲು, ಸಂಜೆ ವಿಮಾನ. ಬಂದ ದಿನವೇ ಅವಳ ಚಿತ್ರಗಳನ್ನೆಲ್ಲ ನೋಡಿ ವಾಲ್ಟರ್ ಮೇಷ್ಟ್ರು ಹೇಳಿದ್ದರು: "ಬೆಳಕು ಚೆನ್ನಾಗಿದೆ, ಗೋಡೆ ಚೆನ್ನಾಗಿದೆ, ಜನರ ಬೆನ್ನೂ ಚೆನ್ನಾಗಿದೆ. ಇಲ್ಲಿಂದ ಒಂದು ಮುಖ ತಾ ಫೆನ್ನಾ. ಇಲ್ಲದಿದ್ದರೆ ಪ್ರದರ್ಶನದ ಗೋಡೆಯಲ್ಲಿ ನಿನಗೆ ಜಾಗ ಇಲ್ಲ."

ಇದನ್ನು ಅವಳಿಂದ ಕೇಳಿ ದುವಾರ್ತೆ ಸೊಂಟಕ್ಕೆ ಕೈಕೊಟ್ಟು ನಿಂತ. "ಮುಖ ತಾನೆ? ಈ ಊರಲ್ಲಿ ಮುಖಕ್ಕೇನು ಬರ! ನಡೀರಿ, ಮಧ್ಯಾಹ್ನ ದೋಣಿ ಪಂದ್ಯ ಶುರುವಾಗೋತನಕ ನಾನು ನಿಮ್ಮವನು."

"ಆಮೇಲೆ?"

"ಆಮೇಲೆ ನೀವು ಯೋಚನೆ ಮಾಡಿ."

ಅವನು ಅವಳನ್ನು ಕಡಿದಾದ ಮೆಟ್ಟಿಲುಗಳ ಮೇಲೆ ಹತ್ತಿಸಿದ, ಇಳಿಸಿದ. ಕಿಟಕಿಯಲ್ಲಿ ಬಟ್ಟೆ ಹರವುತ್ತಿದ್ದ ಅಜ್ಜಿಯನ್ನು "ಸುಂದರೀ!" ಎಂದು ಕೂಗಿ ಕರೆದ. ಅಜ್ಜಿ ಕೂದಲು ಸರಿಮಾಡಿಕೊಂಡು ನಗುತ್ತ ನಿಂತಳು. ಫೆನ್ನಾ ಕ್ಯಾಮೆರಾ ಎತ್ತಿದಳು. ಅಜ್ಜಿಯ ಕಣ್ಣು ಅವಳ ಕಣ್ಣನ್ನು ಸಂಧಿಸಿತು. ಬೆರಳು ಕಲ್ಲಾಯಿತು. ಕೊನೆಗೆ ಒದ್ದೆ ಬೆಡ್‌ಶೀಟಿನ ಫೋಟೋ ತೆಗೆದಳು.

ಮೀನು ಸುಡುವವನ ಮುಂದೆಯೂ ಅದೇ ಕಥೆ. ಇಸ್ಪೀಟು ಆಡುತ್ತಿದ್ದ ಮುದುಕರ ಮುಂದೆಯೂ ಅದೇ.

ಹಂದಿಮಾಂಸ ತುಂಬಿದ ಬನ್ನು ತಿನ್ನುತ್ತ ಇಬ್ಬರೂ ಚರ್ಚಿನ ಮೆಟ್ಟಿಲ ಮೇಲೆ ಕುಳಿತರು. ಸಾಸು ಅವನ ಮಣಿಕಟ್ಟಿಗೆ ಇಳಿಯಿತು.

"ಒಂದು ಕೇಳ್ಲಾ? ಜನ ಕಂಡ್ರೆ ಭಯಾನಾ?"

"ಜನರ ಭಯ ಅಲ್ಲ." ಅವಳು ತಡವರಿಸಿದಳು. "ನಾನು ನೋಡಿದ್ರೆ ಅವರೂ ನೋಡ್ತಾರೆ. ಆಗ ನಾನು ಅಡಗೋಕೆ ಜಾಗ ಇರಲ್ಲ. ನನ್ನನ್ನ ಅಷ್ಟು ಹತ್ತಿರದಿಂದ ನೋಡಿದ್ರೆ, ಏನೂ ಇಲ್ಲ ಇವಳಲ್ಲಿ ಅಂತ ಗೊತ್ತಾಗಿಬಿಟ್ರೆ?"

ದುವಾರ್ತೆ ನಗಲಿಲ್ಲ. ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಅವಳು ಪಾರಿವಾಳಗಳತ್ತ ತಿರುಗಿದಳು. ಕಿವಿಯ ತುದಿ ಮಾತ್ರ ಬಿಸಿಯಾಗಿತ್ತು.

"ಬೆಳಗ್ಗೆಯಿಂದ ನೋಡ್ತಾನೇ ಇದ್ದೀನಿ," ಎಂದ ಮೆಲ್ಲಗೆ. "ನನಗಂತೂ ಇನ್ನೂ ನೋಡಿ ಮುಗಿದಿಲ್ಲ."

ನದಿ ಸಮುದ್ರ ಸೇರುವಲ್ಲಿ ಒಂದು ಕಾಲಕ್ಕೆ ಮದ್ಯದ ಪೀಪಾಯಿ ಸಾಗಿಸುತ್ತಿದ್ದ ಹಳೆಯ ದೋಣಿಗಳು ಚೌಕ ಹಾಯಿ ಬಿಚ್ಚಿಕೊಂಡು ಸಾಲಾಗಿ ನಿಂತಿದ್ದವು. ದುವಾರ್ತೆಯ ದೋಣಿ ಪ್ರತಿ ವರ್ಷ ಕೊನೆಗೆ ಬರುವ ದೋಣಿ. ಚುಕ್ಕಾಣಿ ಹಿಡಿಯುವ ಅಬೀಲಿಯು ಮಾವ ದಡದ ಮೇಲೆ ಹಾರಾಡುತ್ತಿದ್ದ. ಹಿಂದಿನ ರಾತ್ರಿ ಕುಣಿಯಲು ಹೋಗಿ ತಂಡದ ಹುಡುಗನೊಬ್ಬ ಕಾಲು ಉಳುಕಿಸಿಕೊಂಡಿದ್ದನಂತೆ.

"ದೋಣಿ ಮೂತಿ ಮೇಲೆ ಭಾರಕ್ಕೆ ಒಬ್ಬರು ಬೇಕೋ! ಇಲ್ಲದಿದ್ರೆ ಕುದುರೆ ಥರ ಎದ್ದು ನಿಲ್ಲುತ್ತೆ!" ಮಾವನ ಕಣ್ಣು ಫೆನ್ನಾಳ ಮೇಲೆ ಬಿತ್ತು. "ಈ ಹುಡುಗಿ ಈಜ್ತಾಳಾ?"

"ನಾನು ಡಚ್ಚರವಳು," ಎಂದಳು ಫೆನ್ನಾ. "ನಡೆಯೋಕೆ ಮುಂಚೆ ಈಜೋದು ಕಲೀತೀವಿ."

"ಹತ್ತಿಸ್ರೋ!"

ಮೂತಿಯ ಮೇಲೆ ಕುಳಿತ ಮೇಲೆಯೇ ಅವಳಿಗೆ ಹೊಳೆದದ್ದು: ಇಲ್ಲಿಂದ ಯಾರ ಬೆನ್ನೂ ಕಾಣುವುದಿಲ್ಲ. ಇಡೀ ತಂಡ ಅವಳತ್ತ ಮುಖ ಮಾಡಿ ನಿಂತಿತ್ತು. ಅವಳ ಬೆನ್ನ ಹಿಂದೆ ಬರೀ ನೀರು.

ಪಂದ್ಯ ಶುರುವಾಯಿತು. ಮೊದಮೊದಲು ಎಂದಿನಂತೆ ಇವರದೇ ಕೊನೆ. ಮುಂದಿದ್ದ ದೋಣಿಯವನೊಬ್ಬ ಹಗ್ಗ ತೋರಿಸಿ, "ಎಳ್ಕೊಂಡು ಹೋಗ್ಬೇಕೇನ್ರೋ?" ಎಂದು ಕೂಗಿದ.

ಆಗ ಸಮುದ್ರದಿಂದ ಗಾಳಿ ಬಂತು.

ಹಾಯಿ ಧಡ್ಡನೆ ಉಬ್ಬಿತು. "ಎಳೀರೋ!" ಅಬೀಲಿಯು ಮಾವ ಚುಕ್ಕಾಣಿಗೆ ಎದೆಕೊಟ್ಟು ಗರ್ಜಿಸಿದ. ಹಗ್ಗ ಹಿಡಿದ ತೋಳುಗಳು ಬಿಗಿದವು, ಕತ್ತಿನ ನರ ಉಬ್ಬಿದವು. ಒಂದು ದೋಣಿ ಹಿಂದೆ ಬಿತ್ತು, ಇನ್ನೊಂದೂ ಬಿತ್ತು. ಬಾಗಿ, ತೊಯ್ದು, ಬಾಯ್ತುಂಬ ಕೂಗುತ್ತಿದ್ದ ಆ ಮುಖಗಳು ಇಷ್ಟು ಹತ್ತಿರದಲ್ಲಿದ್ದವು.

ಫೆನ್ನಾ ಒಂದು ಕೈಯಲ್ಲಿ ಹಗ್ಗ ಸುತ್ತಿಕೊಂಡು ಎದ್ದು ನಿಂತಳು. ಕ್ಯಾಮೆರಾ ಎತ್ತಿದಳು.

ಅವರು ನೋಡಿದರು. ಅವಳೂ ನೋಡಿದಳು. ಬೆರಳು ಈ ಸಲ ಕಲ್ಲಾಗಲಿಲ್ಲ. "ಇತ್ತ ನೋಡಿ! ಮಾವಾ, ಇತ್ತ!" ಎಂದು ತನ್ನದೇ ದನಿ ಗಾಳಿಯ ಮೇಲೆ ಕೇಳಿಸಿದಾಗ ಅವಳಿಗೇ ಅಚ್ಚರಿ. ಕ್ಲಿಕ್. ಮಾವನ ಮೀಸೆಯಿಂದ ನೀರು ಚಿಮ್ಮಿತು. ಕ್ಲಿಕ್. ದುವಾರ್ತೆ ಹಗ್ಗ ಎಳೆಯುತ್ತ ತಲೆ ಎತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ. ಕ್ಲಿಕ್.

ಪಂದ್ಯ ಮುಗಿಯುವ ಕಬ್ಬಿಣದ ಸೇತುವೆಯ ಹತ್ತಿರ ಎದುರಾಳಿಯಾಗಿ ಉಳಿದಿದ್ದು ಹಗ್ಗ ತೋರಿಸಿದವನ ದೋಣಿ ಒಂದೇ. ಎರಡು ಹಾಯಿಗಳೂ ಜೊತೆಜೊತೆಗೆ ಬಂದವು. ಸೇತುವೆಯ ಮೇಲಿನ ಜನ ಹುಚ್ಚೆದ್ದು ಕೂಗುತ್ತಿದ್ದರು. ಕೊನೆಯ ಗಳಿಗೆಯಲ್ಲಿ, ಫೆನ್ನಾ ನಿಂತಿದ್ದ ಆ ಮೂತಿಯೇ ಗೆರೆಯನ್ನು ಮೊದಲು ದಾಟಿತು.

ಗೆದ್ದಿದ್ದರು!

ಅಬೀಲಿಯು ಮಾವ ಮಗುವಿನಂತೆ ಅತ್ತ. ತಂಡದವರು ಅವನನ್ನು ಅಳುತ್ತಿದ್ದಂತೆಯೇ ಎತ್ತಿ ನದಿಗೆ ಎಸೆದರು.

ದಡದಲ್ಲಿ ಕುಳಿತು ಫೆನ್ನಾ ಒಂದು ಚಿತ್ರವನ್ನು ಮೇಷ್ಟ್ರಿಗೆ ಕಳಿಸಿದಳು. ತಕ್ಷಣ ಉತ್ತರ ಬಂತು: "ಪ್ರದರ್ಶನದ ನಡುಗೋಡೆ ನಿನ್ನದು. ಯಾರವನು?"

ದುವಾರ್ತೆ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಒದ್ದೆ ಕೂದಲಿನ ಹನಿ ಅವಳ ಕುತ್ತಿಗೆಗೆ ಬಿತ್ತು. ಅವಳು ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು.

"ಎಲ್ಲರೂ ಒಮ್ಮೆ ನನ್ನ ಕಡೆ, ಒಮ್ಮೆ ಹಾಯಿ ಕಡೆ ನೋಡ್ತಿದ್ದಾರೆ. ನೀನೊಬ್ಬ ಮಾತ್ರ ಎಲ್ಲದರಲ್ಲೂ ನನ್ನನ್ನೇ ನೋಡ್ತಿದ್ದೀಯ." 'ನೀವು' ಯಾವಾಗ 'ನೀನು' ಆಯಿತೋ ಇಬ್ಬರೂ ಗಮನಿಸಲಿಲ್ಲ.

"ಹಾಯಿ ಪ್ರತಿ ವರ್ಷ ಇರುತ್ತೆ." ಅವನ ದನಿಯಲ್ಲಿ ತಮಾಷೆ ಆರಿತ್ತು. "ಫೆನ್ನಾ, ನಿನ್ನ ವಿಮಾನ..."

"ಮಾತಾಡಬೇಡ. ಮೊದಲು ನಾನು ಹೇಳ್ತೀನಿ, ಇಲ್ಲಾಂದ್ರೆ ಧೈರ್ಯ ಸಾಲಲ್ಲ." ಅವನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ನೀನಂದ್ರೆ ನನಗೆ ಇಷ್ಟ. ಒಂದು ಹಗಲಲ್ಲಿ ಇದೆಲ್ಲ ಆಗಲ್ಲ ಅಂತ ಬೆಳಗ್ಗೆಯಿಂದ ನನಗೆ ನಾನೇ ಬುದ್ಧಿ ಹೇಳ್ಕೊಂಡೆ. ಆಗಿಬಿಟ್ಟಿದೆ."

"ನನಗೆ ಗಿಡದ ಫೋಟೋ ಅಂದಾಗಲೇ ಆಯ್ತು," ಎಂದ ಅವನು. "ಎಷ್ಟು ಸಿಟ್ಟು ಬಂದಿತ್ತು ಗೊತ್ತಾ!"

ಅವಳು ನಗುತ್ತಲೇ ಅವನಿಗೆ ಮುತ್ತಿಟ್ಟಳು. ತಂಡದವರ ಶಿಳ್ಳೆ, ಚಪ್ಪಾಳೆ. ನದಿಯಿಂದ ಆಗಷ್ಟೇ ಎದ್ದು ಬಂದ ಅಬೀಲಿಯು ಮಾವ, "ಮುಂದಿನ ವರ್ಷಾನೂ ಮೂತಿಗೆ ಇವಳೇ!" ಎಂದು ಘೋಷಿಸಿದ.

ಫೆನ್ನಾ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಇವತ್ತು ಬರ್ತಿಲ್ಲ."

"ಯಾಕೇ? ಪಾಸ್‌ಪೋರ್ಟ್ ಕಳ್ಕೊಂಡ್ಯಾ?"

"ಇಲ್ಲಮ್ಮ. ಕಾಲೇಜು ಶುರುವಾಗೋವರೆಗೆ ಇಲ್ಲೇ ಇರ್ತೀನಿ."

ಅಮ್ಮ ಕೇಳಿದಳು: "ಹುಡುಗನ ಹೆಸರೇನು?"

ಫೆನ್ನಾ ದುವಾರ್ತೆಯ ಕಡೆ ತಿರುಗಿ, ಅವನಿಗೂ ಕೇಳುವಂತೆ ಗಟ್ಟಿಯಾಗಿ ಹೆಸರು ಹೇಳಿದಳು.