ಫ್ಲೆಕ್ಸ್ ಬೇಡ ಅಂದವನು

"ಯಾರದು ಈ ಚೀಲ?"

ಡಾಂಬರು ಘಟಕದ ಅಂಗಳದಲ್ಲಿ ಮೇಲ್ವಿಚಾರಕ ಇಳಮಾರನ್ ಎಲ್ಲರೆದುರೇ ಚೀಲವನ್ನು ಬೋರಲು ಹಾಕಿಬಿಟ್ಟ. ಪೂಂಗೊಡಿಗೆ ಮೈಯೆಲ್ಲಾ ಉರಿದುಹೋಯಿತು.

"ನನ್ನದೇ! ಏನೀಗ?"

"ಹಾಲಿನ ಕವರು, ಕ್ಯಾರಿಬ್ಯಾಗು ತನ್ನಿ ಅಂದ್ರೆ ಫ್ಲೆಕ್ಸ್ ಚೂರು ತುಂಬಿದ್ದೀರಲ್ರೀ! ಕಾದ ಜಲ್ಲಿ ಮೇಲೆ ಇದು ಬಿದ್ರೆ ವಿಷದ ಹೊಗೆ ಏಳುತ್ತೆ. ಅದನ್ನ ಕುಡಿಯೋರು ನಮ್ಮವರೇ ಅಲ್ವಾ?"

ಮದುರೈ ಸೀಮೆಯ ಆ ಊರಲ್ಲಿ ಪೂಂಗೊಡಿಯ ಮಹಿಳಾ ಸಂಘದವರು ಪ್ಲಾಸ್ಟಿಕ್ ಕತ್ತರಿಸಿ, ರಸ್ತೆಯ ಜಲ್ಲಿ-ಡಾಂಬರಿಗೆ ಬೆರೆಸಲು ಕೊಡುತ್ತಿದ್ದರು. ಹೆಣ್ಣು ಮೈನೆರೆದರೂ ಫ್ಲೆಕ್ಸ್, ಅಜ್ಜ ಸತ್ತರೂ ಫ್ಲೆಕ್ಸ್ ಕಟ್ಟುವ ಊರು ಅದು. ಚೀಲಕ್ಕೆ ಒಂದೆರಡು ಚೂರು ಬೀಳದೆ ಇರುತ್ತದೆಯೇ?

'ಏನು ಜಂಬ ಇವನಿಗೆ!' ಅಂದುಕೊಂಡಳು. ಆದರೆ ಮರುವಾರ ಅವನು ಅವಳ ಚೀಲಕ್ಕೆ ಕೈಹಾಕಿ ತಡಕಾಡಿ, "ಒಂದು ಚೂರೂ ಇಲ್ಲ, ಭೇಷ್!" ಎಂದು ನಕ್ಕನಲ್ಲ, ಆ ಕೋಪ ಎಲ್ಲಿ ಹೋಯಿತೋ! ಆಮೇಲೆ ಚೀಲ ಕೊಡುವ ದಿನ ಬಂತೆಂದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಹೀಗಿರುವಾಗ ಸೋದರಮಾವ ಊರ ಬಾಗಿಲಲ್ಲೇ ಮದುವೆಯ ಫ್ಲೆಕ್ಸ್ ಕಟ್ಟಿಸಿದ. ಒಂದು ಕಡೆ ಅವನ ಮಗ ಸುಡಲೈಮುತ್ತು, ಇನ್ನೊಂದು ಕಡೆ ಪೂಂಗೊಡಿ! ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಇಳಮಾರನ್ ಅದನ್ನು ನೋಡಿದ. ಅಂದಿನಿಂದ ಅವಳ ಚೀಲ ನೋಡಿದನೇ ಹೊರತು ಮುಖ ನೋಡಲಿಲ್ಲ.

"ಸಾರ್, ಒಂದ್ನಿಮಿಷ..."

"ಮದುವೆ ಹೆಣ್ಣು ಬಿಸಿಲಲ್ಲಿ ನಿಲ್ಲಬಾರದು, ಹೋಗಿ. ನಾನೂ ನಾಳೆ ಸಂಜೆ ಇಲ್ಲಿಂದ ಹೊರಟೆ. ರಾಮನಾಥಪುರದ ರಸ್ತೆ ಕೆಲಸಕ್ಕೆ."

ಅಂದು ರಾತ್ರಿ ಪೂಂಗೊಡಿ ಖಾಲಿ ಚೀಲ ಮುಂದಿಟ್ಟುಕೊಂಡು ಕೂತಳು. 'ನನ್ನ ಮಾತು ಕೇಳಲ್ಲ... ಆದ್ರೆ ಚೀಲ ಬಿಚ್ಚದೆ ಬಿಡೋನಲ್ಲ!'

ಬೆಳಗಾಗುತ್ತಲೇ ಏಣಿ ಹಾಕಿ ಫ್ಲೆಕ್ಸ್ ಇಳಿಸತೊಡಗಿದಳು.

"ಲೇ, ಮಾನ ಕಳೀತೀಯೇನೇ!" ಮಾವ ಕೂಗುತ್ತಾ ಬಂದ.

"ನನ್ನ ಮುಖ ಮಾವಾ, ನಾನು ಇಳಿಸ್ಕೊಳ್ತೀನಿ!"

ಅಮ್ಮ ಮಾತ್ರ ಬಂದು ಏಣಿ ಹಿಡಿದುಕೊಂಡಳು.

ಘಟಕದಲ್ಲಿ ಇಳಮಾರನ್ ಚೀಲದ ಗಂಟು ಬಿಚ್ಚಿದವನೇ ಕೆಂಡವಾದ.

"ಮತ್ತೆ ಫ್ಲೆಕ್ಸಾ! ಎಷ್ಟು ಸಲ ಬಡ್ಕೋಬೇಕ್ರೀ ನಿಮಗೆ?"

"ಯಾವ ಫ್ಲೆಕ್ಸು ಅಂತ ಸರಿಯಾಗಿ ನೋಡಿ ಸಾರ್!"

ಅವನ ಒಂದು ಕೈಯಲ್ಲಿ ಸುಡಲೈಮುತ್ತುವಿನ ಅರ್ಧ ಮೀಸೆ, ಇನ್ನೊಂದರಲ್ಲಿ ಮದುವೆ ಮುಹೂರ್ತದ ಚೂರು.

"ಹಾಗಾದ್ರೆ... ಮದುವೆ?"

"ನಿಮ್ಮ ಕೈಲೇ ಇದೆಯಲ್ಲ, ಚೂರು ಚೂರಾಗಿ!" ತಡೆದಿಟ್ಟಿದ್ದ ಅಳು ಉಕ್ಕಿಬಂತು. "ನನ್ನನ್ನ ಯಾರೂ ಕೇಳಲಿಲ್ಲ... ನೀವಾದ್ರೂ ಒಂದ್ಸಲ ಕೇಳಬಾರದಿತ್ತಾ?"

ಸುತ್ತ ಜನರಿದ್ದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ತಪ್ಪಾಯ್ತು. ಈಗ ಕೇಳ್ತಿದ್ದೀನಿ ಪೂಂಗೊಡಿ... ನನ್ನ ಮದುವೆ ಆಗ್ತೀಯಾ?"

"ರಾಮನಾಥಪುರಕ್ಕೆ ಹೊರಟೋರು?"

"ಆ ರಸ್ತೆಗೆ ಬೇರೆ ಯಾರಾದ್ರೂ ಹೋಗ್ತಾರೆ ಬಿಡು."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಹೂಂ... ಆದ್ರೆ ನಮ್ಮ ಮದುವೆಗೆ ಫ್ಲೆಕ್ಸ್ ಕಟ್ಟಿಸೋ ಹಾಗಿಲ್ಲ!"

"ಕಟ್ಟಿಸ್ತೀನಾ? ಆಮೇಲೆ ಅದರ ಚೂರು ಹೆಕ್ಕೋಕೆ ನಾನೇ ಕೂರಬೇಕಲ್ಲೇ!"